ನೀರಿನ ಪಾಳಿ

ಪಂಪು ನಿಲ್ಲಿಸಿದವನು ನಾನೇ.
ಮಾರ್ಚ್ ಕೊನೆಯ ದಿನ, ಮಧ್ಯಾಹ್ನ ಮೂರೂ ಹತ್ತಕ್ಕೆ
ಸಾಹೇಬರು ಗಡಿಯಾರ ನೋಡಿ ಕತ್ತು ಆಡಿಸಿದರು.
ಹಿಡಿಕೆ ಕೆಳಗೆಳೆದೆ.
ಇಪ್ಪತ್ತಾರು ವರ್ಷ ಗುಂಯ್‌ಗುಟ್ಟಿದ ಗಾಳಿ
ಒಮ್ಮೆಲೆ ಬಾಯಿ ಮುಚ್ಚಿತು.
ಲಿಂಗಸುಗೂರಿಗೆ ಹೋಗುವ ಬಸ್ಸಿನ ಹಾರನ್ನು
ನಮ್ಮ ಗುಡ್ಡದವರೆಗೂ ಕೇಳಿಸುತ್ತದೆಂದು
ಅವತ್ತೇ ಗೊತ್ತಾದದ್ದು.

ಕೆಳಗಿನ ಎರಡು ಪಂಪು ಕೆಳಗೇ ಉಳಿದವು.
ಗುಜರಿ ರೇಟಿಗಿಂತ ಮೇಲೆತ್ತುವ ಖರ್ಚು ಜಾಸ್ತಿ.
ಹಳಿ ಉಳಿದವು, ಮರದ ಕಂಬ ಉಳಿದವು.
ಒಂಬೈನೂರರ ಲೆವೆಲ್ಲಿನಲ್ಲಿ
ನಾವು ಬುತ್ತಿ ಬಿಚ್ಚುತ್ತಿದ್ದ ಕಲ್ಲುಕಟ್ಟೆ ಉಳಿಯಿತು,
ಅದರ ಹಿಂದಿನ ಗೋಡೆಗೆ
ಮೌಲಪ್ಪ ಬಳಪದಲ್ಲಿ ಬರೆದ ಮೂರು ಮಕ್ಕಳ ಹೆಸರು,
ನಾಲ್ಕನೆಯದಕ್ಕೆ ಬಿಟ್ಟ ಜಾಗ.

ಎಲ್ಲರ ಲೆಕ್ಕ ಚುಕ್ತಾ ಆಯಿತು. ನನ್ನೊಬ್ಬನನ್ನು ಇಟ್ಟುಕೊಂಡರು:
ಶುಕ್ರವಾರಕ್ಕೊಮ್ಮೆ ಶಾಫ್ಟಿನ ಬಾಯಿಗೆ ಹೋಗಿ
ಟೇಪು ಇಳಿಬಿಡುವುದು. ತುದಿಯ ತೂಕ ನೀರು ಮುಟ್ಟಿದರೆ
ಮೇಲಿನ ಡಬ್ಬಿ ಕುಂಯ್ ಎನ್ನುತ್ತದೆ, ನಾಯಿಮರಿಯಂತೆ.
ಅಂಕಿ ಬರೆಯುವುದು. ಸಹಿ.
‘ಇದೂ ಒಂದು ನೌಕರಿಯೇನು’ ಎಂದಳು ನನ್ನಾಕೆ ದ್ಯಾವಮ್ಮ,
‘ನೀರು ಬರೋದನ್ನ ಕಾಯೋದು?’

ಮೊದಲ ವರ್ಷ ಬಲು ಅವಸರ, ವಾರಕ್ಕೆ ಹನ್ನೊಂದು ಅಡಿ.
ಸಾವಿರದ ಎಂಟುನೂರು ಹೋಯಿತು,
ಸಾವಿರದ ಐನೂರು.
ಅದಿರು ತೆಗೆದ ದೊಡ್ಡ ಪೊಳ್ಳು ಸಿಕ್ಕಲ್ಲಿ ತಡೆದು,
ಮೂಲೆ ಮೂಲೆ ತುಂಬಿ, ಮತ್ತೆ ಏರುತ್ತಿತ್ತು.
ಮದುವೆಯ ಪಂಕ್ತಿಯಲ್ಲಿ ಬಡಿಸುತ್ತ ಬರುವವನ ಹಾಗೆ
ಒಂದು ಎಲೆಯನ್ನೂ ಬಿಡದೆ.

ಒಂಬೈನೂರು ಮುಟ್ಟಿದ ಶುಕ್ರವಾರ
ಮೌಲಪ್ಪನಿಗೆ ಫೋನು ಮಾಡಿದೆ.
ಸಿಂಧನೂರಿನ ಅಕ್ಕಿ ಗಿರಣಿಯಲ್ಲಿದ್ದ.
‘ಹೆಸರು ತೊಯ್ದವೇನೋ?’
ಹಿಂದೆ ಗಿರಣಿಯ ಗದ್ದಲ.
‘ನಾಲ್ಕನೇದು ಹೆಣ್ಣು’ ಎಂದ,
‘ಬರಿಯೋದು ಆಗಲಿಲ್ಲ ನೋಡು.’

ಪಂಪಿದ್ದಾಗ ಪೈಪಿನ ಬಾಯಲ್ಲಿ
ಊರ ಬಟ್ಟೆಯೆಲ್ಲ ಒಗೆತ, ಎಮ್ಮೆಗಳಿಗೆ ಮುಳುಗೇಳಾಟ.
ನಿಂತಮೇಲೆ ಹೆಂಗಸರು ನನ್ನನ್ನೇ ಬೈದರು:
‘ನೀರು ಎಲ್ಲಿ ಹೋಗ್ಯಾವ?’
‘ಎಲ್ಲೂ ಹೋಗಿಲ್ಲ ಬೇ. ಬರಾಕ ಹತ್ಯಾವ.’

ಬಂದವು.
ಐದನೆಯ ವರ್ಷ, ಸಜ್ಜೆ ತೆನೆ ಬಿಡುವ ಹೊತ್ತಿಗೆ
ಗುಡ್ಡದ ಪಡುವಣ ಮಗ್ಗುಲಿನ ಹಳೇ ಸುರಂಗದಿಂದ,
ನಿಜಾಮನ ಕಾಲದ್ದು, ನಕಾಶೆಯಲ್ಲೂ ಇಲ್ಲದ್ದು,
ಕರೆಂಟು ಕೇಳದೆ, ಯಾರ ಸಹಿಯನ್ನೂ ಕಾಯದೆ
ಹರಿದು ಹಳ್ಳ ಸೇರಿದವು.
ಮೊದಲ ದಿನ ತಿಳಿ.
ಮೂರನೆಯ ದಿನ ಕಲ್ಲುಗಳಿಗೆಲ್ಲ ಕುಂಬಾರನ ಕೈಬಣ್ಣ.
ಚಾಂದಬೀಯ ಆಡು ಮೂಸಿ ಹಿಂದೆ ಸರಿಯಿತು.

ಬಾಟಲಿ ತುಂಬಿಕೊಂಡು ಹೋದರು. ವರದಿ ಬಂತು.
ಅದರಲ್ಲೊಂದು ಉದ್ದನೆಯ ಹೆಸರು;
ನಾನು ಊರಿಗೆ ‘ಪಾಷಾಣ’ ಎಂದೆ.
ಯಾರೂ ಎರಡನೇ ಸಲ ಕೇಳಲಿಲ್ಲ.

ಹೊಸ ಇಂಜಿನಿಯರು, ಹುಡುಗಿ, ಬೂಟಿನ ತುಂಬ ಕೆಂಪು ಕೆಸರು.
‘ಬಾಯಿಗೆ ಸಿಮೆಂಟು ಬಡಿದರೆ?’
‘ಮೇಡಮ್ಮಾರ, ಇಲ್ಲಿ ಮುಚ್ಚಿದರ ಇನ್ನೊಂದು ಕಡೆ ಏಳತಾವ.
ಆ ಇನ್ನೊಂದು ಕಡೆ ಎಲ್ಲಿ ಅಂತ
ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.’
ಬಹಳ ಹೊತ್ತು ಗುಡ್ಡ ನೋಡುತ್ತ ನಿಂತಳು.
ಕಾಲುವೆ ತೋಡಿಸಿದಳು.
ಶಹಾಬಾದಿನ ಸುಣ್ಣಗಲ್ಲಿನ ಚೂರು ಎರಡು ಲಾರಿ,
ಒಂದರ ಕೆಳಗೊಂದು ಮೂರು ಹೊಂಡ, ಅಂಚಿಗೆ ಆಪಿನ ಹುಲ್ಲು.

ಈಗ ಟೇಪು ಗೂಡಿನಲ್ಲಿದೆ, ಕೈಯಲ್ಲಿ ಸಲಿಕೆ.
ಹೊಂಡದ ತಳಕ್ಕೆ ಕೂತ ರಾಡಿ ಎತ್ತಿ
ತಾಡಪತ್ರಿಯ ಮೇಲೆ ಒಣಗಹಾಕುತ್ತೇನೆ.
ಮೂರನೆಯ ಹೊಂಡ ದಾಟಿದ ನೀರಿಗೆ
ಹೋದ ತಿಂಗಳಿಂದ ಸಣ್ಣ ಮೀನು ಬಂದಿವೆ,
ಬಾಟಲಿಯ ವರದಿ ಇನ್ನೂ ಬಂದಿಲ್ಲ.
ಎಷ್ಟು ವರ್ಷ ಹೀಗೆ ಎಂದರೆ
ಮೇಡಮ್ಮು ಪೆನ್ನಿನ ಮುಚ್ಚಳ ಹಾಕುತ್ತಾಳೆ.

ನಿನ್ನೆ ಗದ್ದೆಪ್ಪನ ಮೊಮ್ಮಗ
ಮೊದಲ ಹೊಂಡದಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದು
‘ಇದರಾಗ ಬಂಗಾರ ಐತೇನು ಕಾಕಾ?’
‘ಕೈ ತೊಳಕೋ ಹೋಗು’ ಎಂದೆ.
ಬಗ್ಗಿದ.
‘ಇಲ್ಲಲ್ಲೋ, ಮನಿಯಾಗ.’